ಒದ್ದೆ ಕಾರ್ಪೆಟ್, ಸಿಳ್ಳೆ ಹೊಡೆಯುವ ಬಾಗಿಲು: ಡೋರ್ ರಬ್ಬರ್ ಜೊತೆ ಮೂರು ದಿನ

ಮಳೆ ನಿಂತು ಎರಡು ದಿನ ಆಗಿತ್ತು. ಕಾರಿನ ಹಿಂದಿನ ಸೀಟಿನ ಎಡಗಡೆ ಮ್ಯಾಟ್ ಎತ್ತಿ ಕಾರ್ಪೆಟ್ ಮೇಲೆ ಕೈ ಒತ್ತಿದೆ. ಬೆರಳ ಸಂದಿಯಲ್ಲಿ ನೀರು ಜಿನುಗಿತು. ಒಂದು ವಾರದಿಂದ ಒಳಗೆ ಮುಗ್ಗಲು ವಾಸನೆ ಇತ್ತು. ಎಸಿಯಿಂದ ಬರುತ್ತಿರಬೇಕು ಅಂದುಕೊಂಡು ಸುಮ್ಮನಿದ್ದೆ. ಅದೇ ಕಡೆಯ ಹಿಂದಿನ ಬಾಗಿಲಿಗೆ ಇನ್ನೊಂದು ತೊಂದರೆಯೂ ಇತ್ತು. ವೇಗ ಗಂಟೆಗೆ 80 ಕಿಲೋಮೀಟರ್ ದಾಟಿದರೆ ಮೇಲಿನ ಮೂಲೆಯಲ್ಲಿ ಸಣ್ಣ ಸಿಳ್ಳೆ. ನಿಧಾನ ಮಾಡಿದರೆ ಮಾಯ.

ಗ್ಯಾರೇಜಿಗೆ ಒಯ್ದು ತೋರಿಸಿದೆ. ಬಾಗಿಲನ್ನು ಒಮ್ಮೆ ತೆಗೆದು ಹಾಕಿ, "ಹನ್ನೆರಡು ವರ್ಷದ ಗಾಡಿ, ಬೀಡಿಂಗ್ ಎಲ್ಲ ಹೋಗಿರುತ್ತೆ, ನಾಲ್ಕೂ ಬಾಗಿಲಿಗೆ ಹೊಸದು ಹಾಕಿಸಿಬಿಡಿ" ಅಂದರು. ಬೀಡಿಂಗ್ ಅಂದರೆ ಬಾಗಿಲಿನ ಸಂದಿ ಮುಚ್ಚುವ ರಬ್ಬರ್ ಪಟ್ಟಿ. ಹೋಗಿರಬಹುದು. ಆದರೆ ಎಲ್ಲಿ ಹೋಗಿದೆ, ಹೇಗೆ ಹೋಗಿದೆ ಅಂತ ಯಾರೂ ನೋಡಿರಲಿಲ್ಲ. ನೀರು ಯಾವ ದಾರಿ ಹಿಡಿದು ಒಳಗೆ ಬರುತ್ತಿದೆ ಅಂತ ಕಣ್ಣಾರೆ ನೋಡುವ ತನಕ ಒಂದಿಂಚು ರಬ್ಬರನ್ನೂ ಬದಲಾಯಿಸುವುದಿಲ್ಲ ಅಂತ ತೀರ್ಮಾನಿಸಿ ಮನೆಗೆ ಬಂದೆ.

ಡೋರ್ ರಬ್ಬರ್ ಅಂತ ಒಂದೇ ಹೆಸರಲ್ಲಿ ಕರೆಯುತ್ತೇವೆ. ಆದರೆ ಒಂದು ಬಾಗಿಲಿನಲ್ಲಿ ಹಲವು ಬಗೆ ಇರುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಬಾಡಿಯ ಕಡೆ, ಬಾಗಿಲು ಕೂರುವ ಚೌಕಟ್ಟಿನ ಸುತ್ತ ಹೂವಿನ ಹಾರದ ಹಾಗೆ ಕೂತಿರುತ್ತದೆ. ಇದರ ಒಂದು ಭಾಗ ಗಟ್ಟಿ. ಯು ಆಕಾರದ ಕಾಲುವೆ, ಒಳಗೆ ಉಕ್ಕಿನ ಎಲುಬು. ಅದು ತಗಡಿನ ಅಂಚನ್ನು ಕಚ್ಚಿ ಹಿಡಿಯುತ್ತದೆ. ಇನ್ನೊಂದು ಭಾಗ ಸ್ಪಂಜಿನಂಥ ಮೆತ್ತನೆಯ ರಬ್ಬರಿನ ಟೊಳ್ಳು ಕೊಳವೆ. ಇದಕ್ಕೆ ಬಲ್ಬ್ ಅನ್ನುತ್ತಾರೆ. ಬಾಗಿಲು ಹಾಕಿದಾಗ ಅದುಮಿಕೊಂಡು ಸಂದಿ ಮುಚ್ಚುವುದು ಇದೇ. ಬಲ್ಬಿನಲ್ಲಿ ಅಲ್ಲಲ್ಲಿ ಸಣ್ಣ ತೂತುಗಳಿರುತ್ತವೆ. ಅವು ಹರಿದದ್ದಲ್ಲ, ಬೇಕಂತಲೇ ಇಟ್ಟದ್ದು. ಬಾಗಿಲು ಹಾಕುವಾಗ ಒಳಗಿನ ಗಾಳಿ ಅಲ್ಲಿಂದ ಹೊರಗೆ ಹೋಗಬೇಕು. ಅವನ್ನು ಅಂಟು ಹಾಕಿ ಮುಚ್ಚಿದರೆ ಬಲ್ಬ್ ಬಲೂನಿನ ಹಾಗೆ ಸೆಟೆದು ಬಾಗಿಲು ಸರಿಯಾಗಿ ಕೂರುವುದಿಲ್ಲ.

ಎರಡನೆಯದು ಬಾಗಿಲಿನ ಮೇಲೇ ಕ್ಲಿಪ್ಪಿನಿಂದ ಕೂತಿರುವ ರಬ್ಬರ್. ಮೂರನೆಯದು ಗಾಜು ಮೇಲೆ ಕೆಳಗೆ ಜಾರುವ ಕಾಲುವೆಯದು, ಒಳಗೆ ಮಖಮಲ್ಲಿನ ಹಾಗೆ ಗಿಡ್ಡ ಎಳೆಗಳಿರುತ್ತವೆ. ನಾಲ್ಕನೆಯದು ಗಾಜಿನ ಬುಡದಲ್ಲಿ ಒರೆಸುವ ಪಟ್ಟಿ. ಈ ನಾಲ್ಕನ್ನೂ ಒಂದೇ ಡಬ್ಬಿಯ ಔಷಧಿಯಿಂದ ಗುಣ ಮಾಡಲು ಆಗದು. ಅದು ನನಗೆ ಗೊತ್ತಾಗಿದ್ದು ಸ್ವಲ್ಪ ತಡವಾಗಿ.

ಮೊದಲ ದಿನ: ಹುಡುಕಾಟ

ಮೊದಲು ಕಾಗದದಿಂದ ಶುರು ಮಾಡಿದೆ. ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ರಬ್ಬರಿನ ಮೇಲಿಟ್ಟು ಬಾಗಿಲು ಹಾಕಿ, ಮೆಲ್ಲಗೆ ಎಳೆದು ನೋಡುವುದು. ರಬ್ಬರ್ ಹಿಡಿದಿದ್ದರೆ ಕಾಗದ ಬಿಗಿಯಾಗಿ ಬರುತ್ತದೆ. ಹಿಡಿಯದಿದ್ದರೆ ಸುಮ್ನೆ ಜಾರಿ ಬರುತ್ತದೆ. ಪ್ರತಿ 10 ಸೆಂಟಿಮೀಟರಿಗೆ ಒಂದು ಸಲ ನೋಡಿದೆ. ಮೇಲಿನ ಹಿಂಬದಿ ಮೂಲೆಯಲ್ಲಿ ಕಾಗದ ಅಡ್ಡಿಯೇ ಇಲ್ಲದೆ ಬಂತು. ಕೆಳಗಿನ ಮೂಲೆಯಲ್ಲಿ ಒಂದು ಕಡೆ ಬಿಗಿ, ಪಕ್ಕದಲ್ಲೇ ಸಡಿಲ, ಮತ್ತೆ ಬಿಗಿ.

ಕಾಗದ ಹೇಳುವುದು ಹಿಡಿತ ಇದೆಯಾ ಇಲ್ಲವಾ ಅಂತ ಮಾತ್ರ. ಎಷ್ಟು ಅಗಲಕ್ಕೆ ಹಿಡಿದಿದೆ ಅಂತ ಗೊತ್ತಾಗಬೇಕಾದರೆ ಸೀಮೆಸುಣ್ಣ ಬೇಕು. ಬಲ್ಬಿನ ನೆತ್ತಿಯ ಉದ್ದಕ್ಕೂ ಸೀಮೆಸುಣ್ಣ ಉಜ್ಜಿ, ಬಾಗಿಲನ್ನು ಒಮ್ಮೆ ಹಾಕಿ ತೆಗೆದೆ. ಬಾಗಿಲಿನ ಬಣ್ಣದ ಮೇಲೆ ಬಿಳಿ ಗೆರೆ ಬಿತ್ತು. ಚೆನ್ನಾಗಿದ್ದ ಕಡೆ ಗೆರೆ ಸುಮಾರು 8 ಮಿಲಿಮೀಟರ್ ಅಗಲ. ಮುಂದಿನ, ಹಿಂದಿನ ಬಾಗಿಲುಗಳ ನಡುವಿನ ಕಂಬದ ಪಕ್ಕ ಬರಬರುತ್ತ 3 ಮಿಲಿಮೀಟರಿಗೆ ಇಳಿದಿತ್ತು. ಮೇಲಿನ ಮೂಲೆಯಲ್ಲಿ ಒಂದು ಗೇಣಿನಷ್ಟು ಗೆರೆಯೇ ಇರಲಿಲ್ಲ. ಕೆಳಗಿನ ಮೂಲೆಯಲ್ಲಿ ಗೆರೆ ತುಂಡು ತುಂಡಾಗಿ ಬಿದ್ದಿತ್ತು. ಒಂದು ತುಂಡು ಸೀಮೆಸುಣ್ಣ ಇಷ್ಟು ಸ್ಪಷ್ಟವಾಗಿ ತೋರಿಸುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಗೆರೆಯ ಫೋಟೊ ತೆಗೆದಿಟ್ಟುಕೊಂಡೆ. ಕೆಲಸ ಮುಗಿದ ಮೇಲೆ ಹೋಲಿಸಿ ನೋಡಲು ಬೇಕಲ್ವಾ.

ಸಿಳ್ಳೆಯ ಮೂಲ ಪಕ್ಕಾ ಮಾಡಿಕೊಳ್ಳಲು ಬಣ್ಣಕ್ಕೆ ಹಾನಿ ಮಾಡದ ಮಾಸ್ಕಿಂಗ್ ಟೇಪನ್ನು ಹೊರಗಿನಿಂದ ಬಾಗಿಲಿನ ಮೇಲಿನ ಸಂದಿಗೆ ಉದ್ದಕ್ಕೂ ಅಂಟಿಸಿ ಒಂದು ಸುತ್ತು ಹೋಗಿ ಬಂದೆ. ಸಿಳ್ಳೆ ಇಲ್ಲ. ಮುಂದಿನಿಂದ ಒಂದೊಂದೇ ತುಂಡು ಕಿತ್ತು ಮತ್ತೆ ಓಡಿಸಿದೆ. ಹಿಂಬದಿ ಮೂಲೆಯ ತುಂಡು ಕಿತ್ತ ಕೂಡಲೇ ಸಿಳ್ಳೆ ವಾಪಸ್ ಬಂತು. ಸೀಮೆಸುಣ್ಣದ ಗೆರೆ ಇಲ್ಲದಿದ್ದದ್ದೂ ಅಲ್ಲೇ. ವೇಗದಲ್ಲಿ ಮಾತ್ರ ಯಾಕೆ ಅನ್ನುವುದಕ್ಕೂ ಕಾರಣ ಇದೆ. ಕಾರು ಜೋರಾಗಿ ಓಡುವಾಗ ಪಕ್ಕದ ಗಾಜುಗಳ ಹೊರಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಬಾಗಿಲಿನ ಮೇಲಿನ ಚೌಕಟ್ಟು ಕೂದಲೆಳೆಯಷ್ಟು ಹೊರಗೆ ಸೆಳೆಯಲ್ಪಡುತ್ತದೆ. ಚುರುಕಾದ ಬಲ್ಬ್ ಉಬ್ಬಿ ಆ ಸಂದಿಯನ್ನು ತುಂಬಿಬಿಡುತ್ತದೆ. ಚಪ್ಪಟೆಯಾಗಿ ಹೋದ ಬಲ್ಬಿಗೆ ಅದು ಆಗದು.

ಇನ್ನು ನೀರು. ಇಲ್ಲಿ ತಾಳ್ಮೆ ಬೇಕು. ಕಾರು ತೊಳೆಯುವ ಜೋರು ಒತ್ತಡದ ಗನ್ ಹಿಡಿದರೆ ಚೆನ್ನಾಗಿರುವ ರಬ್ಬರಿನ ಸಂದಿಯಲ್ಲೂ ನೀರು ನುಗ್ಗುತ್ತದೆ, ಏನೂ ಗೊತ್ತಾಗುವುದಿಲ್ಲ. ಸಾಮಾನ್ಯ ಪೈಪು, ಬಾಯಿಗೆ ಏನೂ ಸಿಕ್ಕಿಸದೆ, ನೀರು ತಾನಾಗಿ ಹರಿಯುವಷ್ಟೇ ಬಿಡಬೇಕು. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು ಯಾವ ತೂತಿನಿಂದ ಬಂತು ಅಂತ ತಿಳಿಯದು. ತಂಗಿ ಟಾರ್ಚ್ ಹಿಡಿದು ಒಳಗೆ ಕೂತಳು. ಕಾರ್ಪೆಟ್ಟನ್ನು ಮೊದಲೇ ಮಡಚಿ ಇಟ್ಟಿದ್ದೆವು.

ಹೊಸ್ತಿಲ ಪಟ್ಟಿಗೆ ಐದು ನಿಮಿಷ ನೀರು ಬಿಟ್ಟೆ. ಏನೂ ಇಲ್ಲ. ಕೆಳಗಿನ ಮೂಲೆಗೆ ಬಿಟ್ಟೆ. ಸ್ವಲ್ಪ ಹೊತ್ತಿಗೆ "ಅಣ್ಣಾ, ಒಂದು ಹನಿ ಬಂತು" ಅಂದಳು. ಆಮೇಲೆ ಇನ್ನೊಂದು. ಆದರೆ ಹನಿ ಹನಿಯಾಗಿ ಬರುವ ನೀರು ಅಷ್ಟು ದೊಡ್ಡ ಕಾರ್ಪೆಟ್ಟನ್ನು ನೆನೆಸುವುದು ಕಷ್ಟ. ಕೊನೆಗೆ ಗಾಜಿನ ಮೇಲೆ ಬಿಟ್ಟೆ. ಎರಡು ನಿಮಿಷ ಆಗಿರಬೇಕು, ಒಳಗಿನಿಂದ ಕೂಗು ಬಂತು. "ಅಣ್ಣಾ ನಿಲ್ಲಿಸು, ಬಾಗಿಲಿನ ಪ್ಯಾನೆಲ್ ಕೆಳಗಿಂದ ಧಾರೆ ಬರ್ತಿದೆ!"

ರಬ್ಬರಿನಿಂದಲ್ಲ, ಬಾಗಿಲಿನ ಹೊಟ್ಟೆಯೊಳಗಿನಿಂದ.

ಇದು ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ. ಗಾಜಿನ ಬುಡದ ಪಟ್ಟಿ ನೀರನ್ನು ಪೂರ್ತಿ ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ಮಳೆ ಬಂದಾಗ ಒಂದಷ್ಟು ನೀರು ಗಾಜಿನ ಜೊತೆ ಬಾಗಿಲಿನೊಳಗೆ ಇಳಿದೇ ಇಳಿಯುತ್ತದೆ. ಬಾಗಿಲಿನ ತಳದಲ್ಲಿ ಇರುವ ಸಣ್ಣ ತೂತುಗಳಿಂದ ಅದು ಹೊರಗೆ ಹೋಗುತ್ತದೆ. ಒಳಗಿನ ಪ್ಯಾನೆಲ್ ಹಿಂದೆ ಪ್ಲಾಸ್ಟಿಕ್ ಹಾಳೆಯೊಂದನ್ನು ಬ್ಯುಟೈಲ್ ಅನ್ನುವ ಕಪ್ಪು ಜಿಗುಟು ಅಂಟಿನಿಂದ ಅಂಟಿಸಿರುತ್ತಾರೆ, ನೀರು ಕಾರಿನ ಒಳಭಾಗಕ್ಕೆ ದಾಟದಿರಲಿ ಅಂತ. ಬಾಗಿಲಿನ ತಳ ಬಗ್ಗಿ ನೋಡಿದೆ. ಮೂರು ತೂತುಗಳಲ್ಲಿ ಎರಡರಿಂದ ಒಂದು ಹನಿಯೂ ಇಳಿಯುತ್ತಿರಲಿಲ್ಲ. ಎಲೆಯ ಚೂರು, ಕೆಸರು, ಧೂಳು ಸೇರಿ ಬಿರಡೆ ಹಾಕಿದ ಹಾಗೆ ಗಟ್ಟಿಯಾಗಿತ್ತು.

ಹಾಗಾಗಿ ಮೊದಲ ದಿನದ ಕೊನೆಗೆ ನನ್ನ ಪಟ್ಟಿಯಲ್ಲಿ ಮೂರು ತಪ್ಪು ಇದ್ದವು. ಕಾರ್ಪೆಟ್ ನೆನೆಯಲು ದೊಡ್ಡ ಕಾರಣ ಕಟ್ಟಿದ ತೂತು. ಸಿಳ್ಳೆಗೆ ಕಾರಣ ಚಪ್ಪಟೆಯಾದ ಬಲ್ಬ್. ಹನಿಗೆ ಕಾರಣ ಕೆಳಗಿನ ಮೂಲೆಯಲ್ಲಿ ಅಲೆಅಲೆಯಾಗಿ ಎದ್ದ ರಬ್ಬರ್. ನಾಲ್ಕೂ ಬಾಗಿಲಿಗೆ ಹೊಸ ಬೀಡಿಂಗ್ ಹಾಕಿಸಿದ್ದರೂ ಮುಂದಿನ ಮಳೆಗೆ ಕಾರ್ಪೆಟ್ ಮತ್ತೆ ಒದ್ದೆ ಆಗುತ್ತಿತ್ತು.

ಆ ಅಲೆ ಬಂದದ್ದು ನನ್ನಿಂದ

ಕೆಳಗಿನ ಮೂಲೆಯ ರಬ್ಬರ್ ಹರಿದಿರಲಿಲ್ಲ, ಒಣಗಿರಲಿಲ್ಲ. ಮುಟ್ಟಿದರೆ ಜಾಸ್ತಿಯೇ ಮೆತ್ತಗೆ, ಸ್ವಲ್ಪ ಜಿಗುಟು. ಬಲ್ಬ್ ಊದಿಕೊಂಡು ಉದ್ದವಾಗಿತ್ತು. ಒಳಗಿನ ಉಕ್ಕಿನ ಎಲುಬು ಉದ್ದ ಆಗುವುದಿಲ್ಲ, ಹೊರಗಿನ ಮೆತ್ತನೆಯ ಭಾಗ ಆಗುತ್ತದೆ. ಹೆಚ್ಚಾದ ಉದ್ದಕ್ಕೆ ಹೋಗಲು ಜಾಗ ಇಲ್ಲದೆ ಸೀರೆಯ ನೆರಿಗೆಯ ಹಾಗೆ ಮಡಿಕೆ ಬಿದ್ದಿತ್ತು. ನೆರಿಗೆಯ ತಗ್ಗಿನಲ್ಲಿ ನೀರಿಗೆ ದಾರಿ.

ಎರಡು ವರ್ಷದಿಂದ ನಾನು ಈ ರಬ್ಬರುಗಳಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚುತ್ತಿದ್ದೆ. ಹಚ್ಚಿದ ದಿನ ಕಪ್ಪಗೆ ಹೊಳೆಯುತ್ತಿತ್ತು. ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಅನ್ನಿಸುತ್ತಿತ್ತು. ಕರಗಿದ ಜೆಲ್ಲಿ ಕೆಳಕ್ಕೆ ಇಳಿದು ಆ ಮೂಲೆಯಲ್ಲೇ ನಿಂತಿದೆ.

ಈಗಿನ ಬಹುಪಾಲು ಕಾರುಗಳ ಡೋರ್ ರಬ್ಬರ್ ಇಪಿಡಿಎಂ ಅನ್ನುವ ಕೃತಕ ರಬ್ಬರಿನದು. ಎಥಿಲೀನ್, ಪ್ರೊಪಿಲೀನ್ ಮತ್ತು ಡಯೀನ್ ಅನ್ನುವ ಮೂರನ್ನು ಸೇರಿಸಿ ಮಾಡಿದ್ದು. 1960ರ ದಶಕದಲ್ಲಿ ಬಳಕೆಗೆ ಬಂತು. ಇದರ ದೊಡ್ಡ ಗುಣ ಬಿಸಿಲು, ಮಳೆ, ಓಝೋನ್ ತಡೆಯುವುದು. ಗಾಳಿಯಲ್ಲಿ ಇರುವ ಚೂರು ಓಝೋನ್ ರಬ್ಬರಿನ ಅಣುಗಳ ಉದ್ದ ಸರಪಳಿಯಲ್ಲಿ ಇರುವ ಜೋಡಿ ಬಂಧಗಳನ್ನು ಕಡಿಯುತ್ತದೆ. ಮರದಿಂದ ಬರುವ ಸಹಜ ರಬ್ಬರಿನ ಮುಖ್ಯ ಸರಪಳಿಯಲ್ಲಿ ಅಂಥ ಬಂಧಗಳು ತುಂಬಿವೆ. ಹಾಗಾಗಿ ಎಳೆದು ಹಿಡಿದ ಕಡೆ ಅದು ಅಡ್ಡಡ್ಡ ಬಿರುಕು ಬಿಡುತ್ತದೆ. ಇಪಿಡಿಎಂನ ಮುಖ್ಯ ಸರಪಳಿಯಲ್ಲಿ ಅವು ಇಲ್ಲ. ನೀರು, ಸೋಪು, ಗ್ಲಿಸರಿನ್ ಯಾವುದೂ ಇದನ್ನು ಏನೂ ಮಾಡವು. ಆದರೆ ಪೆಟ್ರೋಲಿಯಂ ಎಣ್ಣೆಗೆ ಇದು ತೀರಾ ಸೋಲುತ್ತದೆ. ಎಂಜಿನ್ ಆಯಿಲ್, ಗ್ರೀಸ್, ಡೀಸೆಲ್, ಸೀಮೆಎಣ್ಣೆ ಎಲ್ಲವನ್ನೂ ಹೀರಿ ಊದುತ್ತದೆ. ತುಕ್ಕು ಬಿಡಿಸಲು ಹೊಡೆಯುವ ಸ್ಪ್ರೇಗಳಲ್ಲಿ ಬಹಳಷ್ಟು ಇದೇ ಜಾತಿಯವು. ಬಾಗಿಲು ಕಿರುಗುಟ್ಟಿತು ಅಂತ ಹಿಂಜಿಗೆ ಹೊಡೆದ ಸ್ಪ್ರೇ ರಬ್ಬರಿನ ಮೇಲೂ ಬೀಳುತ್ತದೆ, ನೋಡಿಕೊಳ್ಳಿ.

ಓದಿ ತಿಳಿದದ್ದನ್ನು ಕಣ್ಣಿಂದಲೂ ನೋಡಬೇಕು ಅನ್ನಿಸಿತು. ಹಳೆಯ ಬೀಡಿಂಗ್ ತುಂಡೊಂದರಿಂದ 40 ಮಿಲಿಮೀಟರ್ ಉದ್ದದ ಎರಡು ಚೂರು ಕತ್ತರಿಸಿ, ಒಂದನ್ನು ಎಂಜಿನ್ ಆಯಿಲಿನಲ್ಲಿ, ಇನ್ನೊಂದನ್ನು ಸಿಲಿಕೋನ್ ಎಣ್ಣೆಯಲ್ಲಿ ಮುಳುಗಿಸಿಟ್ಟೆ. ಒಂದು ವಾರ ಬಿಟ್ಟು ಅಳೆದೆ. ಸಿಲಿಕೋನಿನದು 40 ಮಿಲಿಮೀಟರೇ ಇತ್ತು. ಆಯಿಲಿನದು 44 ಆಗಿತ್ತು, ಉಗುರಿಂದ ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಜೆಲ್ಲಿ ಡಬ್ಬಿಯನ್ನು ಕಾರಿನ ಸಾಮಾನುಗಳ ಪೆಟ್ಟಿಗೆಯಿಂದ ಅವತ್ತೇ ತೆಗೆದು ಹಾಕಿದೆ.

ಅಡುಗೆ ಎಣ್ಣೆ ಹಚ್ಚುವವರೂ ಇದ್ದಾರೆ. ಅದು ಅಷ್ಟಾಗಿ ಊದಿಸದಿದ್ದರೂ ಗಾಳಿ ತಾಗಿ ದಿನ ಕಳೆದಂತೆ ಅಂಟಾಗುತ್ತದೆ, ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಬೇಡ.

ಎರಡನೇ ದಿನ: ಬಿಚ್ಚುವುದು, ತೊಳೆಯುವುದು

ತೂತುಗಳಿಂದ ಶುರು ಮಾಡಿದೆ. ಲೋಹದ ತಂತಿ ಹಾಕಿದರೆ ಬಣ್ಣ ಗೀರಿ ಅಲ್ಲೇ ತುಕ್ಕು ಹಿಡಿಯುತ್ತದೆ. ಕೇಬಲ್ ಕಟ್ಟುವ ಪ್ಲಾಸ್ಟಿಕ್ ಟೈ ಸಾಕು. ಎರಡು ಸಲ ತಿರುಗಿಸಿದ್ದೇ ತಡ, ಕಪ್ಪು ಕೆಸರು ನೀರು ಸುಮಾರು ಅರ್ಧ ಲೀಟರ್ ಸುರಿಯಿತು. ಇಷ್ಟು ದಿನ ಆ ನೀರು ಬಾಗಿಲೊಳಗೇ ಇತ್ತು. ಗಾಜಿನ ಮೇಲಿಂದ ಮತ್ತೆ ನೀರು ಬಿಟ್ಟು, ತಿಳಿಯಾಗಿ ಬರುವ ತನಕ ತೊಳೆದೆ.

ಪ್ಯಾನೆಲ್ ಬಿಚ್ಚಿ ನೋಡಿದರೆ ಒಳಗಿನ ಪ್ಲಾಸ್ಟಿಕ್ ಹಾಳೆಯ ತಳದಲ್ಲಿ ಅಂಟು ಒಂದು ಗೇಣಿನಷ್ಟು ಬಿಟ್ಟಿತ್ತು. ಹಳೆ ಬ್ಯುಟೈಲ್ ಕಿತ್ತು, ತಗಡನ್ನು ಜಿಡ್ಡು ತೆಗೆಯುವ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಹೊಸ ಬ್ಯುಟೈಲ್ ಟೇಪ್ ಹಾಕಿ ಒತ್ತಿದೆ. ಹಾಳೆಯ ಕೆಳ ಅಂಚು ಬಾಗಿಲಿನ ಹೊಟ್ಟೆಯೊಳಕ್ಕೆ ಬಾಗಿರಬೇಕು, ಇಳಿದ ನೀರು ಒಳಕ್ಕೇ ಬೀಳುವ ಹಾಗೆ.

ಆಮೇಲೆ ಬಾಡಿಯ ರಬ್ಬರ್. ಅದನ್ನು ಕೀಳುವುದು ಸುಲಭ, ಕೈಯಿಂದ ಹಿಡಿದು ನೇರವಾಗಿ ಎಳೆದರೆ ಬರುತ್ತದೆ. ಒಂದೇ ಕಡೆ ಹಿಡಿದು ಜಗ್ಗಬಾರದು. ಒಳಗಿನ ಉಕ್ಕಿನ ಎಲುಬು ಒಮ್ಮೆ ಮಡಚಿದರೆ ಆ ಜಾಗ ಮತ್ತೆ ನೇರ ಆಗುವುದಿಲ್ಲ. ಅಂಗೈ ಅಗಲದಷ್ಟು ಬಿಡಿಸುತ್ತ ಮುಂದೆ ಹೋದೆ. ಕೀಳುವ ಮೊದಲು ರಬ್ಬರಿನ ಜೋಡಣೆ ಎಲ್ಲಿದೆ, ಮೂಲೆಗಳು ಎಲ್ಲಿ ಬರುತ್ತವೆ ಅಂತ ಟೇಪಿನ ಚೂರು ಅಂಟಿಸಿ ಗುರುತು ಮಾಡಿದ್ದೆ.

ರಬ್ಬರ್ ಕಿತ್ತಾಗ ಕೆಳಗಿನ ಮೂಲೆಯ ತಗಡಿನ ಅಂಚಿನಲ್ಲಿ ಕೆಂಪು ತುಕ್ಕು ಕಂಡಿತು. ಒಂದು ಬೆರಳುದ್ದ. ಇದನ್ನು ಬಿಟ್ಟಿದ್ದರೆ ಅಂಚು ತಿಂದುಹೋಗಿ ಹೊಸ ರಬ್ಬರ್ ಹಾಕಿದರೂ ಕಚ್ಚಲು ಏನೂ ಇರುತ್ತಿರಲಿಲ್ಲ. ಮರಳು ಕಾಗದದಿಂದ ಉಜ್ಜಿ, ತುಕ್ಕು ನಿಲ್ಲಿಸುವ ದ್ರಾವಣ ಹಚ್ಚಿ, ಒಣಗಿದ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ. ಎರಡೂ ತೆಳ್ಳಗೆ. ದಪ್ಪ ಬಳಿದರೆ ಯು ಕಾಲುವೆ ಸರಿಯಾಗಿ ಕೂರದು. ಇದನ್ನು ರಾತ್ರಿಯಿಡೀ ಒಣಗಲು ಬಿಟ್ಟೆ.

ರಬ್ಬರ್ ತೊಳೆಯುವುದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಉಗುರುಬೆಚ್ಚನೆ ನೀರು, ಸೌಮ್ಯ ಸೋಪು, ಮೆತ್ತನೆ ಬ್ರಷ್. ಬಟ್ಟೆಗೆ ಕಪ್ಪು ಬಣ್ಣ ಹತ್ತುತ್ತದೆ, ಗಾಬರಿ ಬೇಡ. ರಬ್ಬರಿನಲ್ಲಿ ಕಾರ್ಬನ್ ಬ್ಲ್ಯಾಕ್ ಪುಡಿ ಬೆರೆಸಿರುತ್ತಾರೆ. ಬಿಸಿಲಿನ ನೇರಳಾತೀತ ಕಿರಣದಿಂದ ಕಾಪಾಡುವುದು ಅದೇ. ಹಳೆ ಜೆಲ್ಲಿಯ ಜಿಡ್ಡು ಸೋಪಿಗೆ ಪೂರ್ತಿ ಬಿಡಲಿಲ್ಲ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬಟ್ಟೆ ಅದ್ದಿ ಬೇಗ ಬೇಗ ಒರೆಸಿದೆ. ಪೆಟ್ರೋಲ್, ತಿನ್ನರ್ ಮಾತ್ರ ಮುಟ್ಟಲೇಬೇಡಿ. ಎಷ್ಟೇ ಒರೆಸಿದರೂ ಒಳಗೆ ಹೀರಿದ ಎಣ್ಣೆ ಒಂದೇ ದಿನದಲ್ಲಿ ಹೋಗುವುದಿಲ್ಲ. ನೆರಳಲ್ಲಿ, ಗಾಳಿ ಆಡುವ ಕಡೆ, ಎಳೆಯದೆ, ಮಡಚದೆ ಸಡಿಲವಾಗಿ ಹಾಸಿ ಬಿಟ್ಟೆ. ಮರುದಿನಕ್ಕೆ ನೆರಿಗೆ ಸ್ವಲ್ಪ ಕಡಿಮೆಯಾಗಿತ್ತು.

ಕಾರ್ಪೆಟ್ ಒಣಗಿಸುವುದನ್ನು ಮರೆಯಬೇಡಿ. ಮೇಲೆ ಒಣಗಿದ ಹಾಗೆ ಕಂಡರೂ ಅಡಿಯ ದಪ್ಪ ಫೋಮ್ ನೀರು ಹಿಡಿದುಕೊಂಡಿರುತ್ತದೆ. ತಳದ ತಗಡು ತುಕ್ಕು ಹಿಡಿಯುವುದು ಅಲ್ಲಿಂದ. ಎತ್ತಿ ಕೆಳಗೆ ಮರದ ತುಂಡು ಕೊಟ್ಟು ಫ್ಯಾನ್ ಹಚ್ಚಿದ್ದೆ. ಪೂರ್ತಿ ಒಣಗಲು ಎರಡು ರಾತ್ರಿ ಬೇಕಾಯಿತು.

ಮೂರನೇ ದಿನ: ಚಪ್ಪಟೆ ಬಲ್ಬ್

ಮೇಲಿನ ಮೂಲೆಯ ಬಲ್ಬ್ ಒಂದು ಗೇಣಿನಷ್ಟು ಚಪ್ಪಟೆಯಾಗಿತ್ತು. ಬೆರಳಿಂದ ಒತ್ತಿ ಬಿಟ್ಟು ನೋಡಿದೆ. ಬೇರೆ ಕಡೆ ಟಕ್ಕನೆ ಚಿಮ್ಮುತ್ತಿತ್ತು. ಇಲ್ಲಿ ನಿಧಾನವಾಗಿ, ಅರ್ಧಕ್ಕೆ ಮಾತ್ರ ಎದ್ದಿತು.

ರಬ್ಬರಿನ ಸರಪಳಿಗಳನ್ನು ಕಾಯಿಸುವಾಗ ಅಡ್ಡ ಕೊಂಡಿಗಳಿಂದ ಕಟ್ಟಿರುತ್ತಾರೆ. ಒತ್ತಿ ಬಿಟ್ಟರೆ ಹಳೆಯ ಆಕಾರಕ್ಕೆ ಎಳೆದು ತರುವುದು ಆ ಕೊಂಡಿಗಳೇ. ವರ್ಷಗಟ್ಟಲೆ ಬಾಗಿಲು ಮುಚ್ಚಿ, ಬಿಸಿಲಲ್ಲಿ ಕಾದು, ಅದುಮಿಕೊಂಡೇ ಇದ್ದರೆ ಆ ಅದುಮಿದ ಸ್ಥಿತಿಯಲ್ಲೇ ಹೊಸ ಕೊಂಡಿಗಳು ಹುಟ್ಟುತ್ತವೆ. ಕೆಲವು ಹಳೆಯವು ಕಡಿಯುತ್ತವೆ. ಆಗ ರಬ್ಬರಿಗೆ ಚಪ್ಪಟೆಯೇ ತನ್ನ ಆಕಾರ ಆಗಿಬಿಡುತ್ತದೆ. ಇದನ್ನು ಅಳೆಯಲು ಐಎಸ್‌ಒ 815 ಅನ್ನುವ ಅಂತರರಾಷ್ಟ್ರೀಯ ಮಾನದಂಡವೇ ಇದೆ. ರಬ್ಬರ್ ತುಂಡನ್ನು ಸಾಮಾನ್ಯವಾಗಿ 25% ಅದುಮಿ, ಬಿಸಿಯಲ್ಲಿಟ್ಟು, ಬಿಡಿಸಿದ ಅರ್ಧ ಗಂಟೆಯ ಮೇಲೆ ಎಷ್ಟು ಎದ್ದಿಲ್ಲ ಅಂತ ಲೆಕ್ಕ ಹಾಕುತ್ತಾರೆ. ಪೂರ್ತಿ ಎದ್ದರೆ 0%, ಒಂದಿಷ್ಟೂ ಏಳದಿದ್ದರೆ 100%. ನನ್ನ ಹೆಬ್ಬೆರಳ ಪರೀಕ್ಷೆಯೂ ಅದೇ ಜಾತಿಯದು.

ಹೀಗೆ ಕುಸಿದದ್ದನ್ನು ಯಾವ ದ್ರವ ಹಚ್ಚಿಯೂ ಎಬ್ಬಿಸಲು ಆಗದು. ಹೊಸ ರಬ್ಬರ್ ಹಾಕಬೇಕು, ಇಲ್ಲವೇ ಒಳಗಿನಿಂದ ಆಧಾರ ಕೊಡಬೇಕು. ಉಳಿದ ಉದ್ದಕ್ಕೂ ರಬ್ಬರ್ ಚೆನ್ನಾಗಿದ್ದರಿಂದ ಆಧಾರ ಕೊಡುವುದನ್ನೇ ಆರಿಸಿಕೊಂಡೆ. ಬಲ್ಬಿನ ಒಳಗೆ ಸುಮಾರು 10 ಮಿಲಿಮೀಟರ್ ಜಾಗ ಇತ್ತು. 6 ಮಿಲಿಮೀಟರ್ ಹೊರ ಅಳತೆಯ, ತೆಳು ಗೋಡೆಯ, ಮೆತ್ತನೆಯ ಸಿಲಿಕೋನ್ ಟ್ಯೂಬ್ 25 ಸೆಂಟಿಮೀಟರ್ ತೆಗೆದುಕೊಂಡೆ. ಬಲ್ಬಿನ ಕಾಣದ ಒಳಮಗ್ಗುಲಲ್ಲಿ ಬ್ಲೇಡಿನಿಂದ 15 ಮಿಲಿಮೀಟರ್ ಉದ್ದಕ್ಕೆ ಸೀಳಿ, ತಂತಿಯ ಕೊಕ್ಕೆಗೆ ಟ್ಯೂಬ್ ಕಟ್ಟಿ ಎಳೆದೆ. ಜಾರಲು ಸೋಪು ನೀರು. ಇಲ್ಲಿ ಸಿಲಿಕೋನ್ ಗ್ರೀಸ್ ಹಾಕಬಾರದು. ಸಿಲಿಕೋನ್ ಎಣ್ಣೆ ಇಪಿಡಿಎಂಗೆ ಏನೂ ಮಾಡುವುದಿಲ್ಲ, ಆದರೆ ಸಿಲಿಕೋನ್ ರಬ್ಬರನ್ನೇ ಊದಿಸುತ್ತದೆ. ಗಾಳಿ ಹೋಗುವ ತೂತುಗಳಿಗೆ ಟ್ಯೂಬ್ ಅಡ್ಡ ಬರದ ಹಾಗೆ ಸರಿಸಿ ನೋಡಿಕೊಂಡೆ. ಸ್ಪಂಜಿನ ಹುರಿ ಹಾಕುವವರಿದ್ದಾರೆ. ನೀರು ಹೀರುವ ಸ್ಪಂಜ್ ಆದರೆ ಒಳಗೇ ಒದ್ದೆ ಹಿಡಿದಿಟ್ಟುಕೊಳ್ಳುತ್ತದೆ, ನೀರು ಹೀರದ ಬಗೆಯದೇ ಬೇಕು.

ಸೀಳಿದ್ದನ್ನು ರಬ್ಬರಿಗೆ ಹಾಕುವ ಸೈನೊಅಕ್ರಿಲೇಟ್ ಅಂಟಿನಿಂದ (ಸೂಪರ್ ಗ್ಲೂ) ಮುಚ್ಚಿದೆ. ಒಂದೇ ತೊಟ್ಟು. ಜಾಸ್ತಿ ಹಾಕಿದರೆ ಆ ಜಾಗ ಕಲ್ಲಿನ ಹಾಗೆ ಗಟ್ಟಿಯಾಗಿ ಪಕ್ಕದಲ್ಲಿ ಹರಿಯುತ್ತದೆ. ಸಿಲಿಕೋನ್ ಸೀಲಂಟ್ ಬಳಸುವುದಾದರೆ ವಿನೆಗರ್ ವಾಸನೆ ಬರುವ ಬಗೆ ಬೇಡ. ಅದು ಒಣಗುವಾಗ ಬಿಡುವ ಆಮ್ಲ ತಗಡಿಗೆ ತುಕ್ಕು ತರುತ್ತದೆ. ಅಂಟು ಹಾಕುವ ಕೆಲಸವೆಲ್ಲ ಮುಗಿದ ಮೇಲೆಯೇ ಸಿಲಿಕೋನ್ ಹಚ್ಚಬೇಕು ಅನ್ನುವುದೂ ನೆನಪಿರಲಿ. ಒಮ್ಮೆ ಸಿಲಿಕೋನ್ ಹತ್ತಿದ ಕಡೆ ಅಂಟು ಕೂರುವುದಿಲ್ಲ.

ವಾಪಸ್ ಕೂರಿಸುವ ಮೊದಲು ಕೆಳಗಿನ ಮೂಲೆಯ ಯು ಕಾಲುವೆಯನ್ನು ಪ್ಲೈಯರಿನ ಬಾಯಿಗೆ ಬಟ್ಟೆ ಸುತ್ತಿ ಮೆಲ್ಲಗೆ ಹಿಂಡಿದೆ. ಹಿಡಿತ ವಾಪಸ್ ಬಂತು. ಕಾಲುವೆಯ ಒಳಗೆ ಗಟ್ಟಿಯಾಗದ ಬ್ಯುಟೈಲ್ ಸೀಲಂಟಿನ ಸಣ್ಣ ಗೆರೆ ಎಳೆದೆ.

ಕೂರಿಸುವುದರಲ್ಲಿ ಕೈ ಅವಸರ ಮಾಡುತ್ತದೆ, ತಡೆಯಬೇಕು. ಜೋಡಣೆಯನ್ನು ಅದರ ಹಳೆ ಗುರುತಿಗೆ ಇಟ್ಟು, ಮೊದಲು ಮೂಲೆಗಳನ್ನು ಕೂರಿಸಿ, ಆಮೇಲೆ ನಡುವಿನ ಭಾಗ. ಎಳೆದು ಎಳೆದು ಕೂರಿಸುತ್ತ ಹೋದರೆ ಕೊನೆಯಲ್ಲಿ ಉದ್ದ ಉಳಿಯುತ್ತದೆ, ಕತ್ತರಿಸಿಬಿಡೋಣ ಅನ್ನಿಸುತ್ತದೆ. ಕತ್ತರಿಸಿದರೆ ಕೆಲವೇ ದಿನಕ್ಕೆ ರಬ್ಬರ್ ತನ್ನ ಉದ್ದಕ್ಕೆ ಕುಗ್ಗಿ ಮೂಲೆಗಳಲ್ಲಿ ತಗಡನ್ನು ಬಿಟ್ಟು ಮೇಲಕ್ಕೆ ಏಳುತ್ತದೆ. ಉಳಿದ ಉದ್ದವನ್ನು ಎರಡೂ ಕಡೆಗೆ ಹಿಂದಕ್ಕೆ ದಬ್ಬುತ್ತ ಹಂಚಿದೆ. ಅಂಗೈಯಿಂದ ತಟ್ಟಿದರೆ ಟಪ್ ಅಂತ ಕೂತ ಸದ್ದು ಬರುತ್ತದೆ.

ಬಾಗಿಲು ಹಾಕಿ ನೋಡಿದರೆ ಅದರ ಹಿಂಬದಿ ಅಂಚು ಬಾಡಿಗಿಂತ 1.5 ಮಿಲಿಮೀಟರಿನಷ್ಟು ಹೊರಗೆ ನಿಂತಿತ್ತು. ಕೆಲಸ ಶುರು ಮಾಡುವ ಮೊದಲೂ ಅಷ್ಟೇ ಇತ್ತು. ಮೂಲೆಯಲ್ಲಿ ಸಂದಿ ಬಿಡಲು ಅದೂ ಒಂದು ಕಾರಣ. ಬೀಗ ಕಚ್ಚುವ ಕೊಂಡಿ, ಅಂದರೆ ಸ್ಟ್ರೈಕರ್, ಅದರ ಸುತ್ತ ಪೆನ್ಸಿಲಿನಿಂದ ಗೆರೆ ಹಾಕಿ, ಸ್ಕ್ರೂ ಸಡಿಲಿಸಿ, ಒಳಕ್ಕೆ 1 ಮಿಲಿಮೀಟರ್ ಸರಿಸಿ ಬಿಗಿ ಮಾಡಿದೆ. ಗೆರೆ ಹಾಕದೆ ಸ್ಕ್ರೂ ಮುಟ್ಟಬೇಡಿ, ಮೊದಲಿನ ಜಾಗ ಮತ್ತೆ ಸಿಗುವುದಿಲ್ಲ. ತುಂಬಾ ಒಳಕ್ಕೆ ಸರಿಸಿದರೆ ರಬ್ಬರ್ ಹೆಚ್ಚು ಅದುಮಿ ಬೇಗ ಚಪ್ಪಟೆಯಾಗುತ್ತದೆ.

ಮತ್ತೆ ಸೀಮೆಸುಣ್ಣ ಉಜ್ಜಿದೆ. ಮೇಲಿನ ಮೂಲೆಯಲ್ಲಿ 7 ಮಿಲಿಮೀಟರ್ ಅಗಲದ ಗೆರೆ, ತುಂಡಾಗದೆ, ಉದ್ದಕ್ಕೂ. ಕೆಳಗಿನ ಮೂಲೆಯಲ್ಲಿ ಇನ್ನೂ ಒಂದು ಸಣ್ಣ ಏರಿಳಿತ ಇತ್ತು, ಆದರೆ ಗೆರೆ ಎಲ್ಲೂ ಕಡಿದಿರಲಿಲ್ಲ. ತಂಗಿ ಟಾರ್ಚ್ ಹಿಡಿದು ಮತ್ತೆ ಒಳಗೆ ಕೂತಳು. ಪ್ರತಿ ಜಾಗಕ್ಕೆ ಐದೈದು ನಿಮಿಷ ನೀರು. ಒಂದು ಹನಿಯೂ ಇಲ್ಲ.

ಈಗ ಏನು ಹಚ್ಚುತ್ತಿದ್ದೇನೆ

ಬಲ್ಬಿಗೆ ಸಿಲಿಕೋನ್ ಗ್ರೀಸ್. ಬಟ್ಟೆಯ ಮೇಲೆ ಕಾಳಿನಷ್ಟು ತೆಗೆದು, ಉದ್ದಕ್ಕೂ ತೆಳುವಾಗಿ ಉಜ್ಜಿ, ಹತ್ತು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಒರೆಸಿಬಿಡುವುದು. ಕೈಗೆ ಹತ್ತಬಾರದು, ಬಟ್ಟೆಗೆ ತಾಗಬಾರದು, ಅಷ್ಟು ತೆಳು. ಒಳಗೆ ಟ್ಯೂಬ್ ಇರುವ ಆ ಒಂದು ಗೇಣಿಗೆ ಮಾತ್ರ ಸಿಲಿಕೋನ್ ಬಿಟ್ಟು ಗ್ಲಿಸರಿನ್ ಹಚ್ಚುತ್ತೇನೆ. ಗ್ಲಿಸರಿನ್ ನೀರಿನಲ್ಲಿ ಕರಗುವುದರಿಂದ ಬೇಗ ತೊಳೆದು ಹೋಗುತ್ತದೆ, ಆಗಾಗ ಹಚ್ಚಬೇಕು.

ಹಚ್ಚುವುದು ಹೊಳಪಿಗಲ್ಲ. ಬಾಗಿಲಿಗೆ ರಬ್ಬರ್ ಅಂಟಿಕೊಳ್ಳದಿರಲಿ, ಉಜ್ಜಿ ಸವೆಯದಿರಲಿ ಅಂತ. ಹಿಮ ಬೀಳುವ ಊರುಗಳಲ್ಲಿ ಇನ್ನೂ ಮುಖ್ಯ. ರಬ್ಬರಿನ ಮೇಲಿನ ನೀರು ಹೆಪ್ಪುಗಟ್ಟಿ ಬಾಗಿಲಿಗೆ ಹಿಡಿದುಕೊಂಡಿರುತ್ತದೆ, ಬಲವಂತವಾಗಿ ಎಳೆದರೆ ಬಲ್ಬ್ ಹರಿದು ಬರುತ್ತದೆ. ಸಿಲಿಕೋನ್ ಪದರ ಇದ್ದರೆ ನೀರು ನಿಲ್ಲುವುದೇ ಕಡಿಮೆ. ಸ್ಪ್ರೇ ರೂಪದ್ದಾದರೆ ನೇರವಾಗಿ ಹೊಡೆಯದೆ ಬಟ್ಟೆಗೆ ಹೊಡೆದು ಒರೆಸಿ. ಮುಂದಿನ ಗಾಜಿಗೆ ಬಿದ್ದರೆ ವೈಪರ್ ಎಳೆದಾಗ ಮಬ್ಬು ಕಟ್ಟುತ್ತದೆ. ಪೆಡಲಿಗೆ, ಬ್ರೇಕಿಗೆ ಬೀಳಲೇಬಾರದು. ಮುಂದೆ ಬಣ್ಣ ಹೊಡೆಸುವ ಅಂದಾಜಿದ್ದರೆ ಬಾಡಿಯ ಮೇಲೆ ಸಿಲಿಕೋನ್ ಉಳಿಸಬೇಡಿ. ಹೊಸ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಗುಳಿಗಳು ಬೀಳುತ್ತವೆ.

ಗಾಜಿನ ಕಾಲುವೆಗೆ ಗ್ರೀಸ್ ಹಾಕುವುದು ದೊಡ್ಡ ತಪ್ಪು. ಗಿಡ್ಡ ಎಳೆಗಳು ಅಂಟಿಕೊಂಡು ಮರಳು ಹಿಡಿದುಕೊಳ್ಳುತ್ತವೆ, ಅದೇ ಮರಳು ಗಾಜನ್ನು ಗೀರುತ್ತದೆ. ತೆಳು ಪ್ಲಾಸ್ಟಿಕ್ ಸ್ಕೇಲಿಗೆ ಒದ್ದೆ ಬಟ್ಟೆ ಸುತ್ತಿ ಕಾಲುವೆಯ ಒಳಗೆ ಎಳೆದರೆ ಎಷ್ಟು ಮಣ್ಣು ಬರುತ್ತದೆ ಅಂತ ನೀವೇ ನೋಡಿ. ಒಣಗಿದ ಮೇಲೆ ಒಣ ಬಗೆಯ, ಟೆಫ್ಲಾನ್ ಅಂತ ಕರೆಯುವ ಪಿಟಿಎಫ್‌ಇ ಸ್ಪ್ರೇ ಸ್ವಲ್ಪ ಹೊಡೆದರೆ ಗಾಜು ಹಗುರವಾಗಿ ಏರುತ್ತದೆ.

ಮೂರು ತಿಂಗಳಿಗೊಮ್ಮೆ ತೊಳೆದು ಹಚ್ಚುತ್ತೇನೆ. ಅದೇ ಹೊತ್ತಿಗೆ ಬಾಗಿಲಿನ ತಳದ ತೂತುಗಳಿಗೆ ಪ್ಲಾಸ್ಟಿಕ್ ಟೈ ಆಡಿಸುತ್ತೇನೆ. ಒಂದು ಬಾಗಿಲಿಗೆ ಹತ್ತು ನಿಮಿಷವೂ ಬೇಡ. ಬಲ್ಬ್ ಹರಿದಿದ್ದರೆ, ಉದ್ದಕ್ಕೂ ಚಪ್ಪಟೆಯಾಗಿದ್ದರೆ, ಎಲುಬು ತುಕ್ಕು ಹಿಡಿದು ಹೊರಗೆ ಬಂದಿದ್ದರೆ ಮಾತ್ರ ಹೊಸದು ಹಾಕಿ. ಹೊಸದು ಹಾಕಿದ ಮೇಲೆ ಕೆಲವು ವಾರ ಬಾಗಿಲು ಬಿಗಿಯಾಗಿ ಕೂರುತ್ತದೆ, ಅದು ಸಹಜ. ಸ್ಟ್ರೈಕರನ್ನು ಹೊರಕ್ಕೆ ಸರಿಸಲು ಹೋಗಬೇಡಿ.

ಸಿಳ್ಳೆ ನಿಂತಿದೆ. ಆಮೇಲೆ ಎರಡು ಜೋರು ಮಳೆ ಬಿತ್ತು. ಕಾರ್ಪೆಟ್ ಕೆಳಗೆ ಹಳೆ ಪತ್ರಿಕೆಯ ಹಾಳೆ ಹಾಸಿಟ್ಟಿದ್ದೆ, ಎರಡೂ ಸಲ ಗರಿಗರಿಯಾಗೇ ಇತ್ತು. ಎಣ್ಣೆ ಕುಡಿದ ಆ ಕೆಳಗಿನ ಮೂಲೆ ಮಾತ್ರ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ತಿಂಗಳಿಗೊಮ್ಮೆ ಅಲ್ಲಿಗೆ ಸೀಮೆಸುಣ್ಣ ಉಜ್ಜಿ ಗೆರೆ ನೋಡುತ್ತಿದ್ದೇನೆ. ಗೆರೆ ಕಡಿದ ದಿನ ಆ ಒಂದು ಬಾಗಿಲಿಗೆ ಹೊಸ ಬೀಡಿಂಗ್ ತರುತ್ತೇನೆ.